ಮೊದಲ ನೀರಿನ ಲೆಕ್ಕ

ಕುರುಬರಹಳ್ಳಿಯ ಪಟಾಲಮ್ಮನ ಗುಡಿಗೆ ಯಾರೂ ಬರಿಗೈಯಲ್ಲಿ ಬರುತ್ತಿರಲಿಲ್ಲ. ಮನೆಯಲ್ಲಿ ಯಾರಿಗಾದರೂ ಸಿಡುಬು ಎದ್ದರೆ ಅಮ್ಮ ಬಂದಳು ಅನ್ನುವುದು ಅಲ್ಲಿನ ರೂಢಿ. ಒಂಬತ್ತನೆಯ ದಿನ, ಬೇವಿನ ಸೊಪ್ಪು ಹಾಕಿ ಬಿಸಿಲಿಗಿಟ್ಟ ನೀರನ್ನು ಕಾಯಿಲೆಯವರ ಮೈಮೇಲೆ ಹುಯ್ಯುತ್ತಿದ್ದರು. ಅದು ಮೊದಲ ನೀರು. ಅದು ಬಿದ್ದ ಮೇಲೆ ಆ ಮನೆಯ ಹೆಂಗಸು ತಲೆಗೆ ನೀರು ಹಾಕಿಕೊಂಡು, ಮೊಸರನ್ನದ ಮಡಕೆ ಹೊತ್ತು ಗುಡಿಗೆ ಬರುವಳು. ಪೂಜೆಯ ಮುನಿತಾಯಮ್ಮ ಮಡಕೆಯನ್ನು ದೇವಿಯ ಮುಂದಿಟ್ಟು, ಬಂದವಳ ಕಷ್ಟವನ್ನೆಲ್ಲ ಕೂತು ಕೇಳಿ, ಅರಿಸಿನ ಕೊಟ್ಟು ಕಳಿಸುವಳು.

ಆದ್ದರಿಂದ ಐವತ್ತೇಳನೇ ಇಸವಿಯ ಆ ಮಂಗಳವಾರ, ಕಂಕುಳಲ್ಲಿ ಉದ್ದನೆಯ ಕಾಗದದ ಸುರುಳಿ ಸಿಕ್ಕಿಸಿಕೊಂಡು ಸೈಕಲ್ಲಿನಿಂದ ಇಳಿದ ಪ್ಯಾಂಟಿನ ಮನುಷ್ಯನನ್ನು ಕಂಡು ಅವಳು, "ಏನ್ ಸ್ವಾಮಿ, ಅಮ್ಮನಿಗೆ ಚಾಪೆ ತಂದ್ರಾ?" ಅಂದಳು.

ಅವನಿಗೆ ಅದು ತಮಾಷೆ ಅನ್ನುವುದು ಸ್ವಲ್ಪ ತಡವಾಗಿ ಹೊಳೆಯಿತು. ಹೊಳೆದ ಮೇಲೆ ನಕ್ಕ. "ಚಾಪೆಯಲ್ಲಮ್ಮ, ನಿಮ್ಮ ಊರು."

ಜಗಲಿಯ ಮೇಲೆ ಸುರುಳಿ ಬಿಚ್ಚಿ ನಾಲ್ಕು ಮೂಲೆಗೂ ಕಲ್ಲಿಟ್ಟ. ಕುರುಬರಹಳ್ಳಿ, ಕೇತಮಾರನಹಳ್ಳಿ, ಶಿವನಹಳ್ಳಿ, ಸಾಣೆಗೊರವನಹಳ್ಳಿ ಎಲ್ಲವೂ ಅದರಲ್ಲಿದ್ದವು. ಒಂದೊಂದು ಮನೆಗೆ ಒಂದೊಂದು ಚುಕ್ಕಿ.

"ನಮ್ಮ ಊರನ್ನ ಸುತ್ತಿಕೊಂಡು ತಿರುಗ್ತೀರಲ್ಲ! ನನ್ ಗುಡಿ ಎಲ್ಲೈತೆ?"

ಅವನು ತೋರಿಸಿದ. ಮುನಿತಾಯಮ್ಮ ಬಲಗಣ್ಣು ಹತ್ತಿರ ತಂದು ನೋಡಿದಳು. ಎಡಗಣ್ಣಿಗೆ ಚಿಕ್ಕಂದಿನಲ್ಲಿ ಅಮ್ಮ ಬಂದಾಗಲೇ ಹೂವು ಬಿದ್ದಿತ್ತು. ಮುಖದ ತುಂಬ ಅಮ್ಮನ ಕಲೆಗಳೇ.

ಬಂದವನ ಹೆಸರು ಸೇತುರಾಮ. ಪೂರ್ವಕ್ಕೆ ಹೊಸದಾಗಿ ಏಳುತ್ತಿದ್ದ ರಾಜಾಜಿನಗರದಲ್ಲಿ ಮನೆ, ಪೇಟೆಯಲ್ಲಿ ಒಂದು ಆಫೀಸಿನಲ್ಲಿ ಕೆಲಸ. ಕಾಯಿಲೆಗಳ ಲೆಕ್ಕ ಬರೆಯುವುದು ಅವನ ಉದ್ಯೋಗ. ಆದರೆ ಬಂದು ಹೋದ ಕಾಯಿಲೆಯನ್ನು ಬರೆದಿಟ್ಟು ಏನು ಬಂತು ಅನ್ನುವ ಕೊರಗು ಅವನಿಗೆ ಹತ್ತಿಕೊಂಡಿತ್ತು. ಅದು ನಡೆಯುವ ದಾರಿಗೂ ಒಂದು ಲೆಕ್ಕ ಇರಬೇಕು, ಅದು ಸಿಕ್ಕರೆ ಮುಂದಿನ ಮನೆ ಯಾವುದೆಂದು ಮೊದಲೇ ಹೇಳಬಹುದು ಅಂತ ಅವನ ನಂಬಿಕೆ.

ಮುನಿತಾಯಮ್ಮನಿಂದ ಒಂದು ಹಿಡಿ ತೊಗರಿಕಾಳು ಕೇಳಿ ಇಸಕೊಂಡ. ಒಂದು ಚುಕ್ಕಿಯ ಮೇಲೆ ಒಂದು ಕಾಳು ಇಟ್ಟ. "ಇವತ್ತು ಈ ಮನೆ. ಇವರು ಯಾರ ಮನೆಗೆ ಹೋಗ್ತಾರೆ, ಯಾವ ಬಾವಿಯಲ್ಲಿ ನೀರು ಸೇದ್ತಾರೆ, ಅವರಲ್ಲಿ ಇಬ್ಬರೋ ಮೂವರೋ. ಹದಿನಾಲ್ಕು ದಿನ ಆದ ಮೇಲೆ ಅಲ್ಲಿ ಏಳುತ್ತೆ." ಪಕ್ಕದಲ್ಲಿ ಮೂರು ಕಾಳು ಇಟ್ಟ. "ಆಮೇಲೆ ಇನ್ನೊಂದು ಹದಿನಾಲ್ಕು." ಒಂಬತ್ತು ಇಟ್ಟ. ನೋಡುತ್ತ ನೋಡುತ್ತ ಹಿಡಿ ಖಾಲಿಯಾಗಿ ಕೇತಮಾರನಹಳ್ಳಿ ಕಾಳಿನಲ್ಲಿ ಮುಚ್ಚಿಹೋಯಿತು.

ಮುನಿತಾಯಮ್ಮ ಕಾಳುಗಳನ್ನೇ ನೋಡುತ್ತಿದ್ದಳು. ಹಿಂದೊಂದು ವರ್ಷ ಅವಳ ಮನೆಯಿಂದ ಒಂದೇ ವಾರದಲ್ಲಿ ಎರಡು ಗಂಡುಮಕ್ಕಳು ಹೋಗಿದ್ದವು. ಉಳಿದವಳು ಮಗಳು ಬೋರಮ್ಮ ಒಬ್ಬಳು. ಬೋರಮ್ಮನಿಗೂ ಒಂದೇ ಕೂಸು, ಐದು ವರ್ಷದ ಪುಟ್ಟಲಕ್ಷ್ಮಿ.

"ನಡುವೆ ಈ ಮನೆಯವರಿಗೆ ಮೊದಲೇ ದಾಕು ಹಾಕಿದ್ದರೆ?" ಅಂತ ಸೇತುರಾಮ ಒಂದು ಕಾಳು ಎತ್ತಿದ. ದಾಕು ಅಂದರೆ ಸಿಡುಬು ಬಾರದಂತೆ ತೋಳಿಗೆ ಚುಚ್ಚುವ ಮದ್ದು. ಆ ಒಂದು ಕಾಳಿನ ಹಿಂದೆಯೇ ಎಷ್ಟೊಂದು ಕಾಳುಗಳನ್ನು ಬಾಚಿ ತೆಗೆದ!

"ಅದಕ್ಕೆ ನಾನೇನ್ ಮಾಡ್ಲಿ?"

"ಆಫೀಸಿಗೆ ಯಾರೂ ನಿಜ ಹೇಳಲ್ಲ. ಮಕ್ಕಳನ್ನ ಅಟ್ಟದ ಮೇಲೆ ಬಚ್ಚಿಡ್ತಾರೆ. ನಿಮ್ಮ ಹತ್ತಿರ ಎಲ್ಲರೂ ಬರ್ತಾರೆ. ಯಾವ ಮನೆಯವರು ಬಂದರು, ಯಾವ ದಿನ ಬಂದರು, ಇಷ್ಟು ಹೇಳಿ ಸಾಕು."

"ಹೇಳಿದ್ರೆ ಅವರನ್ನ ಎಳಕೊಂಡು ಹೋಗಿ ಊರಾಚೆ ಆಸ್ಪತ್ರೆಗೆ ಹಾಕ್ತೀರಿ."

"ಇಲ್ಲಮ್ಮ. ಹೆಸರು ಕೂಡ ಬರೆಯಲ್ಲ. ಚುಕ್ಕಿ ಮಾತ್ರ."

ದೇವಿಯ ಮುಂದೆ ಕರ್ಪೂರ ಮುಟ್ಟಿಸಿ ಆಣೆ ಹಾಕಿಸಿದಳು. ಆಮೇಲೆ ಒಪ್ಪಿದಳು.

ಅಂದಿನಿಂದ ಪ್ರತಿ ಮಂಗಳವಾರ, ಶುಕ್ರವಾರ ಸೈಕಲ್ಲು ಬಂದು ಬೇವಿನ ಮರಕ್ಕೆ ಒರಗುವುದು. "ಯಾರಾದರೂ ಬಂದಿದ್ದರಾ?" ಅಂತ ಅವನ ಮೊದಲ ಮಾತು. ಅಕ್ಷರ ಬಾರದ ಮುನಿತಾಯಮ್ಮ ಒಂದನ್ನೂ ಮರೆಯುತ್ತಿರಲಿಲ್ಲ. "ಅಮಾಸೆ ಮಾರನೇ ದಿನ ಶಿವನಹಳ್ಳಿ ಗಾಣದ ಮನೆಯೋರು. ಶುಕ್ರವಾರ ನಮ್ಮೂರ ಮೇಲಿನ ಬೀದಿ, ಎಮ್ಮೆ ಕಟ್ಟೋರ ಮನೆ." ಅವನು ಬರೆದುಕೊಳ್ಳುವನು. ಬಿಸಿಲಿನಲ್ಲಿ ಬಂದವನಿಗೆ ಅವಳು ಮಜ್ಜಿಗೆ ಕೊಡುವಳು. "ನಮ್ಮ ಕೈ ಮಜ್ಜಿಗೆ ಕುಡಿದ್ರೆ ಮನೇಲಿ ಹೆಂಡ್ರು ಸೇರಿಸ್ತಾರಾ ಸ್ವಾಮಿ?" ಅಂತ ಕೆಣಕಿದರೆ, "ಅವಳು ಆಣೆ ಹಾಕಿಸಲ್ಲ, ನಿಮ್ಮಷ್ಟು ಜೋರಲ್ಲ" ಅನ್ನುವನು.

ಒಂದು ಶುಕ್ರವಾರ ಅವನ ಮುಖವೇ ಬೇರೆಯಾಗಿತ್ತು. "ಮುನಿತಾಯಮ್ಮನವರೇ, ಬರೋ ಬುಧವಾರ ಇಲ್ಲ ಗುರುವಾರ, ಕೇತಮಾರನಹಳ್ಳಿ ಕುಂಟೆಯ ದಂಡೆಯ ಮನೆಗಳಿಂದ ಯಾರಾದರೂ ನಿಮ್ಮಲ್ಲಿಗೆ ಬರಬೇಕು, ನೋಡ್ತಿರಿ."

ಗುರುವಾರ ಬೆಳಗ್ಗೆ ಕುಂಟೆಯ ಪಕ್ಕದ ಮನೆಯ ಕಲ್ಯಾಣಮ್ಮ ಮೊಸರನ್ನದ ಮಡಕೆ ಹೊತ್ತು ಬಂದಳು. ಮುನಿತಾಯಮ್ಮ ಅರಿಸಿನದ ಬಟ್ಟಲನ್ನು ಕೆಳಗಿಟ್ಟು ಮಡಕೆಯನ್ನೇ ನೋಡಿದಳು. ಇಷ್ಟು ವರ್ಷ ಪೂಜೆ ಮಾಡಿದ ತನಗೆ ಹೇಳದ ಗುಟ್ಟನ್ನು ಅಮ್ಮ ಈ ಪ್ಯಾಂಟಿನವನಿಗೆ ಹೇಳಿಬಿಟ್ಟಳಲ್ಲ! ಹೆದರಿಕೆಯೂ ಆಯಿತು, ಒಳಗೊಳಗೇ ಒಂದು ಆಸೆಯೂ ಆಯಿತು. ಮಾರನೆಯ ದಿನ ಅವನಿಗೆ ಹೇಳಿದಾಗ ಅವನು ಪುಸ್ತಕವನ್ನು ಎದೆಗೆ ಅವುಚಿಕೊಂಡು ಮರದ ಸುತ್ತ ಒಂದು ಸುತ್ತು ಬಂದ.

ಆಮೇಲೆ ಹೇಳಿದ್ದೆಲ್ಲ ಹಾಗೆಯೇ ಆಗುತ್ತ ಹೋಯಿತು. ಆಫೀಸಿನ ದೊಡ್ಡವರಿಗೂ ನಂಬಿಕೆ ಬಂತು. ದಾಕು ಹಾಕುವ ನಂಜುಂಡಪ್ಪನನ್ನು ಅವನ ಜೊತೆ ಕಳಿಸಿದರು. ಸಾವು ಕೂಡ ಈ ಸಲ ಬಹಳ ಕಡಿಮೆ ಅಂತ ಅಲ್ಲಿ ಎಲ್ಲರಿಗೂ ಸಂತೋಷ. ಆ ಮಾತು ಕೇಳಿದಾಗ ಮುನಿತಾಯಮ್ಮನಿಗೆ ಯಾಕೋ ಒಂದು ಗಳಿಗೆ ಇರುಸುಮುರುಸಾಯಿತು. ಓದಿದವರಿಗೆ ಬೇರೆ ಕಡೆಯಿಂದ ಗೊತ್ತಿರುತ್ತದೆ ಅಂದುಕೊಂಡು ಸುಮ್ಮನಾದಳು.

ಎಡವಿದ್ದು ಶಿವನಹಳ್ಳಿಯಲ್ಲಿ. ಲೆಕ್ಕದ ಪ್ರಕಾರ ಅಲ್ಲಿನ ಕೆಳಗೇರಿಗೆ ಇನ್ನೂ ಐದು ದಿನ ಇರುವಾಗಲೇ ಹೋಗಿ ಮೂವತ್ತು ಜನಕ್ಕೆ ದಾಕು ಹಾಕಿಸಿದರು. ಆದರೂ ಅವರಲ್ಲೇ ಹನ್ನೊಂದು ಜನಕ್ಕೆ ಅಮ್ಮ ಎದ್ದಳು. ಚುಚ್ಚಿಸಿಕೊಂಡದ್ದಕ್ಕೇ ಅಮ್ಮ ಮುನಿದಳು ಅಂತ ಹೆಂಗಸರು ನಂಜುಂಡಪ್ಪನ ಮೇಲೆ ಸಗಣಿ ನೀರು ಎರಚಿದರು.

"ಮದ್ದು ಬಿಸಿಲಿಗೆ ಕೆಟ್ಟಿತ್ತೋ ಏನೋ" ಅಂತ ಸೇತುರಾಮ ತಲೆ ಕೆಡಿಸಿಕೊಂಡ.

"ಐಸ್ ಮೇಲೆ ಇಟ್ಕೊಂಡು ಬಂದಿದೀನಿ ಸಾರ್, ನನ್ನ ಮಗೂನ ಹಾಗೆ ನೋಡ್ಕೊಂಡಿದೀನಿ" ಅಂತ ನಂಜುಂಡಪ್ಪ ಒದ್ದೆ ಅಂಗಿ ಹಿಂಡುತ್ತ ಅಂದ.

ಯುಗಾದಿ ಕಳೆದ ಮೊದಲ ಶುಕ್ರವಾರ ಮುನಿತಾಯಮ್ಮ ಅವರಿಬ್ಬರಿಗಾಗಿ ಕಾದು ನಿಂತಿದ್ದಳು. ಪೂಜೆಯವರ ಮನೆಯ ಕೂಸಿಗೆ ದಾಕು ಹಾಕಿಸಿದರೆ ಅಮ್ಮನಿಗೆ ಅವಮಾನ ಅಂತ ಅಳಿಯ ಇಷ್ಟು ದಿನ ಹಟ ಹಿಡಿದಿದ್ದ. ಹಬ್ಬದ ದಿನ ಅವನ ಕೈಕಾಲು ಹಿಡಿದು, ಸತ್ತ ತನ್ನ ಇಬ್ಬರು ಮಕ್ಕಳ ಹೆಸರು ಹೇಳಿ ಅತ್ತು, ಹೇಗೋ ಒಪ್ಪಿಸಿದ್ದಳು.

"ಅಳಿಯ ಹೂಂ ಅಂದವ್ನೆ ಸ್ವಾಮಿ. ಕೆರೆ ಬೀದೀಲಿ ಬೋರಮ್ಮನ ಮನೆ. ಪುಟ್ಟಲಕ್ಷ್ಮಿಗೆ ಇವತ್ತೇ ಒಂದು ಚುಚ್ಚಿಬಿಡ್ಲಿ."

ಸೇತುರಾಮ ನಂಜುಂಡಪ್ಪನ ಮುಖ ನೋಡಿದ. ಉಳಿದಿದ್ದದ್ದು ನಲವತ್ತು ಜನರಿಗಾಗುವಷ್ಟು ಮದ್ದು, ಒಂದೇ ಗಾಜಿನ ಕೊಳವೆಯಲ್ಲಿ. ಬಾಯಿ ಒಡೆದರೆ ಆಗಿಂದಾಗಲೇ ಮುಗಿಸಬೇಕು. ಹೊಸದು ಬರುವುದು ಎರಡು ವಾರದ ಮೇಲೆ.

"ಒಂದು ಕೂಸಲ್ವಾ ಸಾರ್" ಅಂದ ನಂಜುಂಡಪ್ಪ. "ಆ ಬೀದೀಲೇ ಒಡೆಯೋಣ. ನಲವತ್ತು ಜನ ಅಲ್ಲೂ ಸಿಕ್ತಾರೆ."

ಸೇತುರಾಮ ಸುರುಳಿ ಬಿಚ್ಚಿದ. ತುಂಬ ಹೊತ್ತು ನೋಡಿದ. "ಸಾಣೆಗೊರವನಹಳ್ಳಿಗೆ ಎಂಟೇ ದಿನ ಇರೋದು. ಕೆರೆ ಬೀದಿಗೆ ಇನ್ನೂ ಮೂರು ವಾರ ಇದೆ. ಅಷ್ಟರಲ್ಲಿ ಹೊಸ ಮದ್ದು ಬಂದಿರುತ್ತೆ, ಒಂದು ವಾರ ಮುಂಚೇನೇ ಹಾಕಬಹುದು. ನೀವೇ ಹೇಳಿ ಮುನಿತಾಯಮ್ಮನವರೇ, ಏನು ಮಾಡಲಿ? ನೀವು ಹಾಕಿಸು ಅಂದರೆ ಹಾಕಿಸ್ತೀನಿ."

ಹಾಕಿಸಿ ಅಂದಿದ್ದರೆ ಆಗಿಹೋಗುತ್ತಿತ್ತು. ಆ ಮಾತು ಅವಳ ಬಾಯಿಯ ತನಕ ಬಂದಿತ್ತು. ಆದರೆ ಗುರುವಾರ ಅಂದರೆ ಗುರುವಾರವೇ ಬಂದ ಕಲ್ಯಾಣಮ್ಮನ ಮಡಕೆ ಕಣ್ಣ ಮುಂದೆ ಬಂತು. ಸಾಣೆಗೊರವನಹಳ್ಳಿಯಲ್ಲೂ ಯಾರದೋ ಮೊಮ್ಮಕ್ಕಳು ಇರುತ್ತವಲ್ಲ ಅನ್ನಿಸಿತು.

"ನಿಮ್ ಲೆಕ್ಕ ಎಂದೂ ತಪ್ಪಿಲ್ಲ. ಅದು ಹೇಳ್ದಂಗೇ ಆಗ್ಲಿ" ಅಂದಳು.

ಎರಡು ವಾರ ಅವಳು ದಿನ ಎಣಿಸಿದಳು. ಎರಡನೆಯ ವಾರದ ಮಂಗಳವಾರ ಬೋರಮ್ಮ ಬಾವಿಯ ಕಡೆ ಕಾಣಲಿಲ್ಲ. ಬುಧವಾರವೂ ಕಾಣಲಿಲ್ಲ. ಗುರುವಾರ ಬೆಳಗ್ಗೆ ಮುನಿತಾಯಮ್ಮ ಕೆರೆ ಬೀದಿಗೆ ಹೋದಳು. ಮಗಳ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು.

ಹೊಸಿಲ ಹೊರಗೆ ಎಷ್ಟು ಹೊತ್ತು ನಿಂತಳೋ ಅವಳಿಗೇ ತಿಳಿಯದು. ಒಳಗೆ ಹೋದರೆ ಹೊರಗೆ ಬರುವ ಹಾಗಿಲ್ಲ. ಗುಡಿಯ ದೀಪ ಹಚ್ಚುವವರಿಲ್ಲ. ಒಳಗಿನಿಂದ ಕೂಸು "ಅಜ್ಜೀ" ಅಂದಿತು. ಹೋದಳು.

ಶುಕ್ರವಾರ ಗುಡಿಯ ಬಾಗಿಲು ಹಾಕಿದ್ದನ್ನು ಕಂಡು ಸೇತುರಾಮ ನಂಜುಂಡಪ್ಪನನ್ನು ಕರೆದುಕೊಂಡು ಹುಡುಕುತ್ತ ಕೆರೆ ಬೀದಿಗೆ ಬಂದ. ಹೊಸ ಮದ್ದಿನ ಫ್ಲಾಸ್ಕು ನಂಜುಂಡಪ್ಪನ ಹೆಗಲಲ್ಲಿ ತೂಗಾಡುತ್ತಿತ್ತು. "ನೋಡಿ, ಹೇಳಿದ ಹಾಗೆ ಒಂದು ವಾರ ಮುಂಚೇನೇ ಬಂದ್ವಿ!" ಅಂತ ದೂರದಿಂದಲೇ ಕೂಗಿದ. ಹತ್ತಿರ ಬಂದವನ ಕಣ್ಣು ಬೇವಿನ ಸೊಪ್ಪಿನ ಮೇಲೆ ಬಿತ್ತು.

ಮುನಿತಾಯಮ್ಮ ಹೊಸಿಲ ಒಳಗೆ ನಿಂತಿದ್ದಳು. "ಎದ್ದು ಮೂರು ದಿನ ಆಯ್ತು ಸ್ವಾಮಿ."

"ಅದು ಹೇಗೆ? ಇನ್ನೂ ಒಂದು ವಾರ ಇದೆ. ಈ ಬೀದಿಯಿಂದ ಯಾರೂ ಗುಡಿಗೇ ಬಂದಿಲ್ಲವಲ್ಲ?"

"ಎಂಗ್ ಬತ್ತಾರೆ? ಮೊದಲ ನೀರು ಬೀಳೋ ಗಂಟ ಮನೆಯೋರು ಹೊಸಿಲು ದಾಟಂಗಿಲ್ಲ. ಅಮ್ಮ ಒಳಗಿರೋವಾಗ ಅವಳ ಸುದ್ದಿ ಹೊರಗೆ ಆಡಿದ್ರೆ ಆಡಿದೋರ ಬೆನ್ನಿಗೇ ಬತ್ತಾಳೆ. ಗೊತ್ತಾದ್ರೂ ನಾನು ಬಾಯಿ ಬಿಡಂಗಿಲ್ಲ. ಗುಡಿಗೆ ಬಂದೋರನ್ನ ಮಾತ್ರ ನಿಮಗೆ ಹೇಳ್ತಿದ್ದೆ."

"ಎಲ್ಲರೂ ಹೀಗೇನಾ? ನಾಲ್ಕೂ ಊರಲ್ಲಿ?"

"ಇನ್ನೆಂಗೆ ಮಾಡ್ತಾರೆ?"

"ಮೊದಲ ನೀರು ಎಷ್ಟನೇ ದಿನ?"

"ಒಂಬತ್ತಕ್ಕೆ."

ಸೇತುರಾಮ ಬೀದಿಯಲ್ಲೇ ಕುಕ್ಕರುಗಾಲಲ್ಲಿ ಕೂತು ಪುಸ್ತಕ ತೆರೆದ. ಒಂದೊಂದು ದಿನದ ಮೇಲೂ ಬೆರಳಿಟ್ಟು ಒಂಬತ್ತು ಹಿಂದಕ್ಕೆ ಎಣಿಸಿದ. ಶಿವನಹಳ್ಳಿಗೆ ಬಂದಾಗ ಬೆರಳು ನಿಂತಿತು.

"ಏನ್ ಸಾರ್?" ಅಂದ ನಂಜುಂಡಪ್ಪ.

"ನಿನ್ನ ಮದ್ದು ಕೆಟ್ಟಿರಲಿಲ್ಲಪ್ಪ. ನಾವು ಹೋಗೋ ಹೊತ್ತಿಗೆ ಅಲ್ಲಿ ಕಾಯಿಲೆ ಬಂದು ಕೂತಿತ್ತು. ನಾನು ಹೇಳಿದ ದಿನಕ್ಕೆ ಸರಿಯಾಗಿ ಬರ್ತಾ ಇದ್ದದ್ದು ಒಂಬತ್ತು ದಿನದ ಹಳೇ ಸುದ್ದಿ. ಮೊಸರನ್ನದ ಮಡಕೆ ಯಾವತ್ತು ಬರುತ್ತೆ ಅಂತ ಇಷ್ಟು ದಿನ ಲೆಕ್ಕ ಹಾಕ್ತಿದ್ದೆ ನಾನು." ಪುಸ್ತಕ ಮುಚ್ಚಿ, "ಸಾಣೆಗೊರವನಹಳ್ಳಿಯಲ್ಲಿ ಆ ನಲವತ್ತೂ ದಂಡ. ಇಲ್ಲಿ ಆವತ್ತು ಹಾಕಿದ್ದರೆ..." ಅಂತ ಬಾಗಿಲ ಕಡೆ ನೋಡಿದ.

ಮುನಿತಾಯಮ್ಮನಿಗೆ ಅರ್ಥವಾಗದೆ ಇರಲಿಲ್ಲ. ತೊಗರಿಕಾಳಿನಲ್ಲಿ ಆಟ ಕಲಿತವಳು ಅವಳು.

"ನೀವು ಕೇಳ್ಲಿಲ್ಲ" ಅಂದಳು. ಅದರಲ್ಲಿ ದೂರು ಇರಲಿಲ್ಲ. "ಇದು ಗೊತ್ತಿಲ್ದೋರು ಭೂಮಿ ಮೇಲೆ ಅವ್ರೆ ಅಂತ ನನಗೂ ಹೊಳೀಲಿಲ್ಲ."

ಅವನು ಎದ್ದು ನಿಂತ. ಇನ್ನೊಂದು ಮಾತು ಕೇಳುವುದಿತ್ತು, ಕೇಳಲು ಹೆದರಿದ್ದ. "ಮುನಿತಾಯಮ್ಮನವರೇ, ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅವರು ಗುಡಿಗೆ ಬರ್ತಾರಾ?"

"ಯಾಕ್ ಬತ್ತಾರೆ ಸ್ವಾಮಿ? ಏನು ಉಳೀತು ಅಂತ ಮೊಸರನ್ನ ತರ್ತಾರೆ? ಅವರವರ ಹೊಲದಾಗೆ ಮಣ್ಣು ಮಾಡಿ ಸುಮ್ಮನಾಗ್ತಾರೆ. ಅವರ ಲೆಕ್ಕ ನಿಮಗೆ ಬೇರೆ ಯಾರೋ ಕೊಡ್ತಾರೆ ಅಂದ್ಕೊಂಡಿದ್ದೆ."

ಯಾರೂ ಕೊಟ್ಟಿರಲಿಲ್ಲ. ಪುಸ್ತಕದಲ್ಲಿದ್ದದ್ದೆಲ್ಲ ಬದುಕಿದವರ ಚುಕ್ಕಿಗಳೇ.

ಪುಟ್ಟಲಕ್ಷ್ಮಿಗೆ ಅಮ್ಮ ಒತ್ತಾಗಿ ಎದ್ದಿದ್ದಳು, ಕಣ್ಣಿನ ರೆಪ್ಪೆಯ ಮೇಲೂ ಜಾಗ ಬಿಡದಂತೆ. ಬಾಳೆ ಎಲೆಯ ಮೇಲೆ ಮಲಗಿಸಿದ್ದರು. ಬೋರಮ್ಮ ಬೇವಿನ ಎಸಳಿನಿಂದ ಗಾಳಿ ಹಾಕುತ್ತ ಒಂದೇ ಮಾತು ಕೇಳುವಳು, "ನಿನ್ ಮಾತು ಕೇಳ್ತಾಳಲ್ಲವ್ವ ಅಮ್ಮ, ನೀನ್ಯಾಕೆ ಕೇಳ್ಬಾರ್ದು?" ಮುನಿತಾಯಮ್ಮ ಕೇಳುತ್ತಲೇ ಇದ್ದಳು. ಆವತ್ತು ಒಂದೇ ಮಾತು ಹೇಳಿದ್ದರೆ ಸಾಕಿತ್ತು ಅನ್ನುವುದನ್ನು ಮಗಳಿಗೆ ಹೇಳುವ ಧೈರ್ಯ ಬರಲಿಲ್ಲ. ಕೂಸಿಗೆ ಮಾತ್ರ ಕತೆ ಹೇಳಿದಳು. ಆರನೆಯ ದಿನ ಕೂಸು ಕತೆ ಕೇಳುವುದನ್ನು ಬಿಟ್ಟಿತು. ಎಂಟನೆಯ ದಿನ ಅಳಿಯ ನಾಳಿನ ಮೊದಲ ನೀರಿಗೆ ಅಂತ ದೊಡ್ಡ ಹಂಡೆ ತೊಳೆದು, ಬೇವಿನ ಸೊಪ್ಪು ಹಾಕಿ, ನೀರು ತುಂಬಿ ಅಂಗಳದ ಬಿಸಿಲಿಗಿಟ್ಟ. ಆ ನೀರು ಬಿಸಿಯಾಗುವ ಮೊದಲೇ ಕೂಸು ಹೋಯಿತು.

ಹೊಲದ ಅಂಚಿನಲ್ಲಿ ಮಣ್ಣು ಮಾಡಿ ಬಂದ ಮೇಲೂ ಹಂಡೆ ಅಲ್ಲೇ ಇತ್ತು. ಅದನ್ನು ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಮಾರನೆಯ ದಿನವೂ ಇತ್ತು.

ಮುಂದಿನ ಶುಕ್ರವಾರ ಸೇತುರಾಮ ಬಂದಾಗ ಮುನಿತಾಯಮ್ಮ ಗುಡಿಯ ಜಗಲಿಯ ಮೇಲೆ ದೀಪವಿಲ್ಲದೆ ಕೂತಿದ್ದಳು. ಅವನು "ಯಾರಾದರೂ ಬಂದಿದ್ದರಾ" ಅಂತ ಕೇಳಲಿಲ್ಲ. ಅವಳೇ ಶುರು ಮಾಡಿದಳು.

"ಬರ್ಕೊಳ್ಳಿ. ಕೆರೆ ಬೀದೀಲಿ ಬೋರಮ್ಮನ ಮನೆ, ಹೋದ ವಾರ ಬುಧವಾರ ಎದ್ದಿದ್ದು. ಕೂಸು ಇಲ್ಲ. ಪಕ್ಕದ ಚನ್ನಕೇಶವನ ಮನೇಲಿ ನಾಲ್ಕು ದಿನದಿಂದ ಬಾಗಿಲು ತೆಗೆದಿಲ್ಲ, ಒಳಗೆ ಅಮ್ಮ ಅವಳೆ. ಮೇಲಿನ ಬೀದಿ ಕೊನೆ ಮನೆ, ನಿನ್ನೆಯಿಂದ ಒಗ್ಗರಣೆ ವಾಸನೆ ಇಲ್ಲ, ಅಲ್ಲೂ ಅವಳೆ. ಶಿವನಹಳ್ಳಿ ಗಾಣದೋರ ತಮ್ಮನ ಮನೇಲಿ ಎರಡು ಹೋದ್ವು, ಶಿವರಾತ್ರಿ ಹಿಂದೆ ಮುಂದೆ..."

ಹೇಳುತ್ತ ಹೋದಳು. ಅಮ್ಮ ಒಳಗಿರುವ ಮನೆಗಳನ್ನೂ, ಹೊಲದಲ್ಲಿ ಮಣ್ಣಾದ ಕೂಸುಗಳನ್ನೂ. ಬೇವು ಸಿಕ್ಕಿಸದೆ ಬಚ್ಚಿಟ್ಟವರನ್ನು ಕೂಡ ಬಿಡಲಿಲ್ಲ. ಬಾವಿಗೆ ಬಾರದ ಬಿಂದಿಗೆ, ಕೇಳಿಸದ ಒರಳ ಸದ್ದು, ಎಲ್ಲ ಅವಳ ಕಿವಿಯಲ್ಲಿ ಕೂತಿದ್ದವು. ಸೇತುರಾಮನ ಪೆನ್ಸಿಲು ಸವೆಯಿತು.

"ಅಮ್ಮ, ಆಡಬಾರದು ಅಂದಿದ್ರಿ" ಅಂದ.

"ಬೆನ್ನಿಗೆ ಬತ್ತಾಳೆ ಅಂತ ತಾನೇ? ಬರ್ಲಿ. ನಮ್ಮನೇಲಿ ಇನ್ಯಾವ ಕೂಸು ಐತೆ ತಕ್ಕೊಂಡು ಹೋಗಕ್ಕೆ?"

ಅವನು ಹೊಸ ಲೆಕ್ಕ ಬರೆದು ಆಫೀಸಿಗೆ ಒಯ್ದ. ಅಲ್ಲಿನ ದೊಡ್ಡವರು ಎರಡು ಪುಟ ತಿರುವಿ, "ಹಳೇದು ಹೇಳಿದ ದಿನಕ್ಕೆ ಸರಿಯಾಗಿ ಬಂದಿದೆಯಲ್ಲಯ್ಯ, ಇನ್ನೇನು ತಕರಾರು ನಿಂದು?" ಅಂದರು. ಹಳೆಯ ಲೆಕ್ಕ ಆಗಲೇ ಟೈಪಾಗಿ ಬೇರೆ ಊರುಗಳಿಗೆ ಹೋಗಿತ್ತು. ಅಲ್ಲಿಯೂ ಅದರಂತೆಯೇ ಮಾಡಿ ಅಂತ ಆರ್ಡರು.

ಸೇತುರಾಮನೂ ನಂಜುಂಡಪ್ಪನೂ ಕೈಲಿದ್ದ ಮದ್ದು ಹಿಡಿದು ತಾವೇ ಮನೆಮನೆಗೆ ಹೋದರು. ಚನ್ನಕೇಶವನ ಮನೆಯ ಆಚೀಚೆ ನಿಂತು ಬಾಗಿಲು ತಟ್ಟಿದರು. ಆರೇಳು ಮಕ್ಕಳಿಗೆ ಹಾಕಿರಬಹುದು, ಅಷ್ಟರಲ್ಲಿ ಬೀದಿಯ ಹೆಂಗಸರು ಕೂಡಿಕೊಂಡರು.

"ಬಾಗಿಲಿಗೆ ಬೇವು ಕೂಡ ಕಟ್ಟಿಲ್ಲ. ಒಳಗೆ ಅಮ್ಮ ಅವಳೆ ಅಂತ ನಿಮಗೆ ಹೇಳಿದೋರು ಯಾರು?"

ಅದನ್ನು ಅವರು ಹೇಳಬೇಕಾಗಿರಲಿಲ್ಲ. ಸೈಕಲ್ಲು ಯಾವ ಮರಕ್ಕೆ ಒರಗುತ್ತಿತ್ತು ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಉಳಿದ ಬಾಗಿಲುಗಳು ಒಂದೊಂದಾಗಿ ಹಾಕಿಕೊಂಡವು.

ಮುಂದಿನ ಮಂಗಳವಾರ ಗುಡಿಗೆ ಒಂದು ಮಡಕೆಯೂ ಬರಲಿಲ್ಲ. ಕುಂಟೆಯ ಬಳಿ ಇನ್ನೊಂದು ಬೇವಿನ ಮರದ ಕೆಳಗೆ ಯಾರೋ ಕಲ್ಲು ನಿಲ್ಲಿಸಿ ಅರಿಸಿನ ಹಚ್ಚಿದರು. ಮೊಸರನ್ನ ಅಲ್ಲಿಗೆ ಹೋಗತೊಡಗಿತು. ಕಲ್ಯಾಣಮ್ಮ ಎದುರಿಗೆ ಸಿಕ್ಕಿದಾಗ ಸೆರಗು ಮುಖಕ್ಕೆ ಎಳೆದುಕೊಂಡು ದಾರಿ ಬಿಟ್ಟು ನಡೆದಳು. ಬೋರಮ್ಮ ಗಂಡನ ಜೊತೆ ಕೆಂಗೇರಿಯ ಕಡೆ ಹೊರಟುಹೋದಳು, ಹೋಗುವಾಗ ಅವ್ವನಿಗೆ ಹೇಳಲಿಲ್ಲ. ಊರಿನ ಕಷ್ಟಸುಖವೆಲ್ಲ ಬಂದು ಬೀಳುತ್ತಿದ್ದ ಮುನಿತಾಯಮ್ಮನ ಕಿವಿಗೆ ಈಗ ಬರುತ್ತಿದ್ದದ್ದು ರಾಜಾಜಿನಗರದ ಕಡೆ ಕಲ್ಲು ಕುಟ್ಟುವ ಸದ್ದು ಮಾತ್ರ.

ಸೇತುರಾಮ ಮಂಗಳವಾರ, ಶುಕ್ರವಾರ ಬರುವುದನ್ನು ಬಿಡಲಿಲ್ಲ. ಈಗ ಅವನಿಗೆ ಏನು ಕೇಳಬೇಕು, ಎಷ್ಟು ದಿನ ಹಿಂದಕ್ಕೆ ಎಣಿಸಬೇಕು, ಎಲ್ಲ ಗೊತ್ತಿತ್ತು. ಹೇಳುವವರು ಇರಲಿಲ್ಲ. ಸೈಕಲ್ಲು ಒರಗಿಸಿ, ಜಗಲಿಯ ಮೇಲೆ ಸ್ವಲ್ಪ ದೂರ ಬಿಟ್ಟು ಕೂರುವನು. ಅವಳು ಮಜ್ಜಿಗೆ ತಂದಿಡುವಳು. ಪುಸ್ತಕ ತೊಡೆಯ ಮೇಲೆ ತೆರೆದಿರುವುದು.

"ಯಾರಾದರೂ ಬಂದಿದ್ದರಾ ಅಮ್ಮ?"

"ಇಲ್ಲ ಸ್ವಾಮಿ. ಯಾರೂ ಬರ್ಲಿಲ್ಲ."

ಮಜ್ಜಿಗೆ ಕುಡಿದು, ಲೋಟ ತೊಳೆದು ಬೋರಲು ಹಾಕಿ, ಅವನು ಸೈಕಲ್ಲು ಹತ್ತುವನು.